ಪೋಸ್ಟಲ್ ವೋಟ್ ಕವರ್ ನಮ್ಮ ಕೈಗೆ ಕೊಡಿ ಅಂತಿದ್ದಾರೆ, ಕೊಡಬಹುದಾ? (ಲಂಡನ್ ಕೌನ್ಸಿಲ್, ಅಂದರೆ ಸ್ಥಳೀಯ ಸಂಸ್ಥೆಗಳ ಚುನಾವಣೆ, ಮೇ 7, 2026)

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಇಲ್ಲಿ ನರ್ಸ್. ವಾಯವ್ಯ ಲಂಡನ್ನಿನ ಒಂದು ಬಾಡಿಗೆ ಮನೆಯಲ್ಲಿ ನಾನು, ನಮ್ಮ ಮನೆಯವರು, ಮೈದುನ, ವಾರಗಿತ್ತಿ ನಾಲ್ಕು ಜನ ಇದ್ದೇವೆ. ಎಲ್ಲರದ್ದೂ ಭಾರತದ ಪಾಸ್‌ಪೋರ್ಟ್. ಯಾರಿಗೂ ಪಿಆರ್ (ಕಾಯಂ ವಾಸದ ಅನುಮತಿ) ಆಗಿಲ್ಲ.

ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾದ ಹಿರಿಯರೊಬ್ಬರು ಕಳೆದ ಭಾನುವಾರ ಮನೆಗೆ ಬಂದಿದ್ದರು. ಒಳ್ಳೆಯವರು, ನಾವು ಬಂದ ಹೊಸದರಲ್ಲಿ ಮನೆ ಹುಡುಕಲು ಸಹಾಯ ಮಾಡಿದವರು. ಈ ಸಲ ಒಂದು ಪಕ್ಷದ ಪರವಾಗಿ ಓಡಾಡುತ್ತಿದ್ದಾರೆ. ಕೈಯಲ್ಲಿ ಪೋಸ್ಟಲ್ ವೋಟ್ (ಅಂಚೆ ಮೂಲಕ ಮತ) ಅರ್ಜಿಗಳಿದ್ದವು. "ನಾಲ್ವರೂ ತುಂಬಿ ಕೊಡಿ, ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ) ನಂಬರ್ ಬರೆಯಿರಿ. ಕವರ್ ಬಂದಾಗ ಫೋನ್ ಮಾಡಿ, ನಾವೇ ಬಂದು ಒಯ್ಯುತ್ತೇವೆ" ಅಂದರು. ಹಿಂದೂಗಳೆಲ್ಲ ಒಂದೇ ಕಡೆ ಹಾಕಬೇಕು, "ಆ ಕಡೆಯವರು" ಮಸೀದಿಯಲ್ಲಿ ತೀರ್ಮಾನ ಮಾಡಿ ಹಾಕುತ್ತಾರೆ, ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ನೋಡಿ ಅಂತ ಉದಾಹರಣೆಯನ್ನೂ ಕೊಟ್ಟರು. ನಮ್ಮ ಮನೆಯವರಿಗೂ ಅದು ಸರಿ ಅನಿಸಿದೆ. "ಅವರು ಮಾಡಿದರೆ ನಾವೂ ಮಾಡಬೇಕಲ್ವಾ" ಅಂತಾರೆ.

ನನಗೆ ಮನಸ್ಸು ಒಪ್ಪುತ್ತಿಲ್ಲ. ಮೊದಲನೆಯದಾಗಿ ನಮಗೆ ಇಲ್ಲಿ ಓಟು ಇದೆಯಾ? ಇದ್ದರೆ ಹೀಗೆ ಕವರ್ ಕೊಡುವುದು ಸರಿಯಾ? ಟವರ್ ಹ್ಯಾಮ್ಲೆಟ್ಸ್‌ನಲ್ಲಿ ನಿಜವಾಗಿ ಏನಾಯಿತು? ಗೊತ್ತಿದ್ದವರು ಹೇಳಿ.

ಕ್ರಾಯ್ಡನ್ ಕಾಫಿ:

ಓಟು ಖಂಡಿತ ಇದೆ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವಾಸವಿದ್ದು, ವೀಸಾ ಸರಿಯಾಗಿದ್ದರೆ ಸಾಕು. ಕೌನ್ಸಿಲ್ ಅಷ್ಟೇ ಅಲ್ಲ, ಪಾರ್ಲಿಮೆಂಟ್ ಚುನಾವಣೆಗೂ ಹಾಕಬಹುದು. ಪಿಆರ್ ಬೇಕಿಲ್ಲ. ಹೆಸರು ಸೇರಿಸಲು ಏಪ್ರಿಲ್ 20 ಕೊನೆಯ ದಿನ. ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆಯಲ್ಲಿ ಐದು ನಿಮಿಷದ ಕೆಲಸ. ಬೂತ್‌ಗೆ ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ, ಅದೇ ನಡೆಯುತ್ತದೆ. ಉಳಿದ ವಿಷಯ ಮೈಲ್‌ಎಂಡ್ ಅಕ್ಕನ್ನ ಕೇಳಿ, ಅವರು ಬೂತ್‌ನಲ್ಲಿ ಕೂರುವವರು.

ಮೈಲ್‌ಎಂಡ್ ಅಕ್ಕ:

ತಂಗಿ, ಕವರ್ ಕೊಡಬೇಡ. ಎನ್‌ಐ ನಂಬರನ್ನೂ ಕೊಡಬೇಡ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನವಾಗಿ ಓದು.

ನಾನು ಮಂಡ್ಯದವಳು. ಟವರ್ ಹ್ಯಾಮ್ಲೆಟ್ಸ್‌ನಲ್ಲೇ ಇದ್ದೇನೆ, 2014ರಲ್ಲೂ ಇಲ್ಲೇ ಇದ್ದೆ. ಚುನಾವಣೆ ಬಂದಾಗ ಪೂರ್ವ ಲಂಡನ್ನಿನಲ್ಲಿ ಪೋಲ್ ಕ್ಲರ್ಕ್ ಕೆಲಸಕ್ಕೆ ಹೋಗುತ್ತೇನೆ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಒಂದೇ ಮೇಜು.

ನಿಮ್ಮ ಹಿರಿಯರು ಟವರ್ ಹ್ಯಾಮ್ಲೆಟ್ಸ್ ಕಥೆಯನ್ನು ಅರ್ಧ ಹೇಳಿದ್ದಾರೆ. 2014ರ ಮೇ ತಿಂಗಳಲ್ಲಿ ಲುತ್ಫುರ್ ರಹಮಾನ್ ಮೇಯರ್ ಆಗಿ ಮತ್ತೆ ಗೆದ್ದರು. ಲೇಬರ್ ಪಕ್ಷದ ಜಾನ್ ಬಿಗ್ಸ್ ಸೋತರು. ನಾಲ್ಕು ಜನ ಮತದಾರರು ಎಲೆಕ್ಷನ್ ಪಿಟಿಷನ್ (ಫಲಿತಾಂಶ ಪ್ರಶ್ನಿಸಿ ಕೋರ್ಟಿಗೆ ಅರ್ಜಿ) ಹಾಕಿದರು. ಇದನ್ನು ಸರ್ಕಾರ ಹಾಕಲಿಲ್ಲ, ಪೊಲೀಸರೂ ಹಾಕಲಿಲ್ಲ. ಸೋತರೆ ಎದುರು ಪಾರ್ಟಿಯ ವಕೀಲರ ಖರ್ಚೂ ಇವರ ತಲೆ ಮೇಲೆ. ಆದರೂ ಹಾಕಿದರು. 2015ರ ಏಪ್ರಿಲ್ 23ಕ್ಕೆ ಚುನಾವಣಾ ಕೋರ್ಟಿನ ರಿಚರ್ಡ್ ಮೋರಿ ತೀರ್ಪು ಕೊಟ್ಟರು. ಆ ಚುನಾವಣೆ ರದ್ದಾಯಿತು. ಪೋಸ್ಟಲ್ ವೋಟ್ ಮೋಸ, ಬೇರೆಯವರ ಹೆಸರಲ್ಲಿ ಓಟು, ಕೌನ್ಸಿಲ್ ಅನುದಾನ ಹಂಚಿ ಓಟು ಗಿಟ್ಟಿಸಿದ್ದು, ಎದುರಾಳಿ ಜನಾಂಗದ್ವೇಷಿ ಎಂದು ಸುಳ್ಳು ಹೇಳಿದ್ದು, ಹೀಗೆ ಒಂದಲ್ಲ ಎರಡಲ್ಲ. ಅದರ ಜೊತೆಗೆ ಒಂದು ಅಪರೂಪದ ಆರೋಪವೂ ಸಾಬೀತಾಯಿತು. ಬಂಗಾಳಿ ವಾರಪತ್ರಿಕೆಯೊಂದರಲ್ಲಿ 101 ಇಮಾಮರು ಮತ್ತು ವಿದ್ವಾಂಸರ ಸಹಿ ಇರುವ ಪತ್ರ ಬಂದಿತ್ತು. ರಹಮಾನ್‌ಗೆ ಓಟು ಹಾಕುವುದು ಧರ್ಮದ ಕರ್ತವ್ಯ ಎನ್ನುವ ಅರ್ಥ ಬರುವ ಪತ್ರ. ಇದು ಭಕ್ತರ ಮೇಲೆ ಧಾರ್ಮಿಕ ಒತ್ತಡ ಹಾಕಿದ ಅಪರಾಧ ಎಂದು ಕೋರ್ಟ್ ಹೇಳಿತು.

ಈ ಕಾನೂನು ಮುಸ್ಲಿಮರಿಗೋಸ್ಕರ ಮಾಡಿದ್ದಲ್ಲ. 19ನೇ ಶತಮಾನದ್ದು. 1892ರಲ್ಲಿ ಐರ್ಲೆಂಡಿನ ಮೀತ್‌ನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಜನರನ್ನು ಹೆದರಿಸಿದರು ಎಂದು ಚುನಾವಣೆ ರದ್ದಾಗಿತ್ತು. ನಮ್ಮ ದೇಶದ 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ನಿನಲ್ಲೂ ಇದೇ ಮಾತಿದೆ. ಇಂಥವರಿಗೆ ಹಾಕಿದರೆ ದೇವರ ಕೋಪಕ್ಕೆ ಗುರಿಯಾಗುತ್ತೀ ಎಂದು ಹೆದರಿಸಿದರೆ ಅದು ಭ್ರಷ್ಟಾಚಾರ. ನಮ್ಮಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಧರ್ಮದ ಹೆಸರಲ್ಲಿ ಓಟು ಕೇಳುವುದೇ ತಪ್ಪು ಎಂದಿದೆ. ಬ್ರಿಟನ್‌ನಲ್ಲಿ ಅದಿಲ್ಲ. ಇಲ್ಲಿ "ಹಿಂದೂಗಳೇ ನಮಗೆ ಹಾಕಿ" ಅಂತ ಕೇಳಬಹುದು. ಹೆದರಿಸುವ ಹಾಗಿಲ್ಲ, ಪಾಪಪುಣ್ಯದ ಭಾರ ಹೊರಿಸುವ ಹಾಗಿಲ್ಲ.

ನಿಮ್ಮ ಹಿರಿಯರು ಬಿಟ್ಟ ಅರ್ಧ ಇಲ್ಲಿದೆ. ತೀರ್ಪಿನ ಕೊನೆಯಲ್ಲಿ ಮೋರಿ ಹೇಳಿದ್ದು, ಇದರಲ್ಲಿ ನಿಜವಾಗಿ ಸೋತವರು ಟವರ್ ಹ್ಯಾಮ್ಲೆಟ್ಸ್ ಜನ, ಅದರಲ್ಲೂ ಬಾಂಗ್ಲಾದೇಶಿ ಸಮುದಾಯ ಎಂದು. ಅವರ ಒಗ್ಗಟ್ಟನ್ನೂ ಭಕ್ತಿಯನ್ನೂ ದುರುಪಯೋಗ ಮಾಡಿಕೊಂಡರು ಎಂದು. ರಹಮಾನ್ ತಾವು ತಪ್ಪು ಮಾಡಿಲ್ಲ ಎಂದೇ ಹೇಳುತ್ತಾ ಬಂದರು. ಅವರ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ. ಐದು ವರ್ಷ ನಿಲ್ಲುವ ಹಾಗಿಲ್ಲ ಎಂದಾಯಿತು. 2022ರಲ್ಲಿ ಆಸ್ಪೈರ್ ಪಕ್ಷದಿಂದ ನಿಂತು ಮತ್ತೆ ಗೆದ್ದರು. ಅದು ಜನರ ತೀರ್ಮಾನ, ನಾನು ಒಪ್ಪುತ್ತೇನೆ. ಆದರೆ 2014ರ ಓಟುಗಳ ಗತಿ ಏನಾಯಿತು ನೋಡು. ಪ್ರಾಮಾಣಿಕವಾಗಿ ಹೋಗಿ ಹಾಕಿದವರ ಓಟೂ ಸೇರಿಯೇ ರದ್ದಾಯಿತು. ನನ್ನ ಪಕ್ಕದ ಮನೆಯ ಸಿಲ್ಹೆಟ್‌ನ ಅಜ್ಜಿ ಮೊಣಕಾಲು ನೋವಿನಲ್ಲೂ ನಡೆದುಕೊಂಡು ಹೋಗಿ ಹಾಕಿ ಬಂದಿದ್ದರು. ಅವರದ್ದೂ ಹೋಯಿತು. "ಅವರು ಮಾಡಿದರು, ನಾವೂ ಮಾಡೋಣ" ಅಂದರೆ ಇದನ್ನೇ ತಾನೇ ಮಾಡಲು ಹೊರಟಿರುವುದು?

ಈಗ ಕವರ್ ವಿಷಯ. 2024ರ ಮೇ ಚುನಾವಣೆಯಿಂದ ಹೊಸ ನಿಯಮ ಬಂದಿದೆ. ಪಕ್ಷದ ಪರ ಓಡಾಡುವವರು ಬೇರೆಯವರ ಪೋಸ್ಟಲ್ ವೋಟನ್ನು ಮುಟ್ಟುವ ಹಾಗಿಲ್ಲ. ಸ್ವಂತ ಮನೆಯವರದ್ದು, ತಾವೇ ನೋಡಿಕೊಳ್ಳುವ ರೋಗಿಯದ್ದು ಆದರೆ ಬೇರೆ ಮಾತು. ಉಳಿದಂತೆ ಅದು ಅಪರಾಧ, ಜೈಲಿಗೂ ದಾರಿ ಇದೆ. ನಿಮ್ಮ ಹಿರಿಯರಿಗೆ ಬಹುಶಃ ಇದು ಗೊತ್ತಿಲ್ಲ. ಯಾರಾದರೂ ಅವರಿಗೆ ಹೇಳಿದರೆ ಅವರಿಗೂ ಒಳ್ಳೆಯದು.

ಬೆಲ್‌ಗ್ರೇವ್ ಗಿರಿ:

ಅಕ್ಕ, ಕವರ್ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಒಟ್ಟಾಗಿ ಓಟು ಹಾಕುವುದನ್ನೇ ತಪ್ಪು ಎನ್ನಬೇಡಿ.

ನಾನು ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿ ಲೇಬರ್ ಪಕ್ಷ ನಮ್ಮನ್ನು ಹಿತ್ತಲ ಗಿಡ ಮಾಡಿಕೊಂಡಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಪಕ್ಷದ ಸಮ್ಮೇಳನದಲ್ಲಿ ಕಾಶ್ಮೀರದ ಬಗ್ಗೆ ನಿರ್ಣಯ ಮಾಡಿದರು. ಯಾರನ್ನೂ ಕೇಳಲಿಲ್ಲ. ಭಾರತೀಯರು ಸಿಟ್ಟಾದ ಮೇಲೆ, ಚುನಾವಣೆ ಹತ್ತಿರ ಬಂದಾಗ, ಅದು ಎರಡು ದೇಶಗಳ ನಡುವಿನ ವಿಷಯ ಎಂದು ಪತ್ರ ಬರೆದರು. 2022ರಲ್ಲಿ ಏಷ್ಯಾ ಕಪ್ ಮ್ಯಾಚ್ ಆದ ಮೇಲೆ ನಮ್ಮ ಬೀದಿಗಳಲ್ಲಿ ಗಲಾಟೆ ಆಯಿತಲ್ಲ, ಆ ವಾರಗಳಲ್ಲಿ ನನ್ನ ಮಗಳನ್ನು ಶಾಲೆಗೆ ಕಳಿಸಲೂ ಯೋಚನೆ ಮಾಡುತ್ತಿದ್ದೆ. 2024ರ ಪಾರ್ಲಿಮೆಂಟ್ ಚುನಾವಣೆಯಲ್ಲಿ ಜನ ಉತ್ತರ ಕೊಟ್ಟರು. ದೇಶದಲ್ಲೆಲ್ಲ ಕನ್ಸರ್ವೇಟಿವ್ ಪಕ್ಷ ನೆಲಕಚ್ಚಿದಾಗ ಲೆಸ್ಟರ್ ಈಸ್ಟ್ ಒಂದೇ ಅವರು ಹೊಸದಾಗಿ ಗೆದ್ದ ಸೀಟು. ಶಿವಾನಿ ರಾಜಾ ಗೆದ್ದು ಗೀತೆ ಹಿಡಿದು ಪ್ರಮಾಣ ಮಾಡಿದರು. ಅದೇ ಊರಿನ ಲೆಸ್ಟರ್ ಸೌತ್‌ನಲ್ಲಿ ಗಾಜಾ ವಿಷಯ ಹಿಡಿದು ಪಕ್ಷೇತರ ಶೌಕತ್ ಆಡಮ್, ಲೇಬರ್‌ನ ದೊಡ್ಡ ನಾಯಕ ಜೊನಾಥನ್ ಆಶ್‌ವರ್ತ್ ಅವರನ್ನು 979 ಓಟಿನಿಂದ ಸೋಲಿಸಿದರು. ಎರಡೂ ಕಡೆ ಯಾರೂ ಮೋಸ ಮಾಡಲಿಲ್ಲ. ನಮ್ಮ ಮಾತು ಕೇಳದ ಪಕ್ಷಕ್ಕೆ ಓಟಿನಲ್ಲಿ ಹೇಳಿದೆವು. ಗಣಿ ಕಾರ್ಮಿಕರು ಯೂನಿಯನ್ ಹೇಳಿದ ಕಡೆ ಹಾಕಿದಾಗ ಯಾರೂ ತಪ್ಪು ಎನ್ನಲಿಲ್ಲ. ನಾವು ಮಾಡಿದರೆ ಏಕೆ ತಪ್ಪು?

ಹುಬ್ಬಳ್ಳಿ ಟು ಬರ್ಮಿಂಗ್‌ಹ್ಯಾಮ್:

ಸಲಾಂ, ನಮಸ್ಕಾರ. "ಆ ಕಡೆಯವರು" ಅಂದರಲ್ಲ, ಆ ಕಡೆಯಿಂದಲೇ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಮುಸ್ಲಿಂ, ಬರ್ಮಿಂಗ್‌ಹ್ಯಾಮ್‌ನ ಸ್ಮಾಲ್ ಹೀತ್ ಕಡೆ ಅಂಗಡಿ ಇದೆ.

ಬೇಡಿದವರಿಗೆಲ್ಲ ಪೋಸ್ಟಲ್ ವೋಟ್ ಕೊಡುವುದು 2001ರಲ್ಲಿ ಶುರುವಾಯಿತು. 2004ರಲ್ಲಿ ನಮ್ಮೂರಿನ ಬೋರ್ಡೆಸ್ಲಿ ಗ್ರೀನ್, ಆಸ್ಟನ್ ಎರಡು ವಾರ್ಡ್‌ಗಳಲ್ಲಿ ಏನಾಯಿತು ಗೊತ್ತಾ? ಮಧ್ಯರಾತ್ರಿ ಒಂದು ಗೋಡೌನಿನಲ್ಲಿ ಮೇಜಿನ ತುಂಬ ಓಟಿನ ಕವರ್ ಹರವಿಕೊಂಡು ಕೂತವರು ಪೊಲೀಸರ ಕಣ್ಣಿಗೆ ಬಿದ್ದರು. ಮರುವರ್ಷ ಇದೇ ಮೋರಿ ಸಾಹೇಬರು ಎರಡೂ ವಾರ್ಡ್‌ನ ಲೇಬರ್ ಗೆಲುವನ್ನು ರದ್ದು ಮಾಡಿದರು. ಬನಾನಾ ರಿಪಬ್ಲಿಕ್‌ಗೂ ನಾಚಿಕೆ ಆಗುವಂಥ ಮೋಸ ಎಂದರು. ಆಮೇಲೆ ಒಬ್ಬರು ಅಪೀಲಿನಲ್ಲಿ ನಿರ್ದೋಷಿ ಎಂದೂ ಆಯಿತು, ಅದನ್ನೂ ಹೇಳಬೇಕು. ಈಗ ಪೋಸ್ಟಲ್ ವೋಟ್ ಜೊತೆ ಸಹಿ, ಹುಟ್ಟಿದ ದಿನಾಂಕ ಹಾಕಿಸಿ ತಾಳೆ ನೋಡುತ್ತಾರಲ್ಲ, ಆ ನಿಯಮ ಬಂದಿದ್ದು ಆ ಕೇಸಿನ ನಂತರ.

ಗಮನಿಸಬೇಕಾದ್ದು ಇದು. ಬೋರ್ಡೆಸ್ಲಿ ಗ್ರೀನ್‌ನಲ್ಲಿ ಕೋರ್ಟಿಗೆ ಹೋದವರೂ ಮುಸ್ಲಿಮರೇ, ಕಾಶ್ಮೀರಿ ಮೂಲದ ಸಣ್ಣ ಪಕ್ಷದವರು. ತಮ್ಮ ಬೀದಿಯ ಓಟು ಕಳುವಾಗಿದೆ ಎಂದು ಮೊದಲು ಕೂಗಿದವರು ಅದೇ ಬೀದಿಯವರು. ಮೋಸ ಒಂದೇ ಪಕ್ಷದ್ದೂ ಅಲ್ಲ. ಸ್ಲೌನಲ್ಲಿ 2007ರಲ್ಲಿ ಇಲ್ಲದ ಮತದಾರರ ಹೆಸರು ಸೇರಿಸಿ ಸಿಕ್ಕಿಬಿದ್ದವರು ಕನ್ಸರ್ವೇಟಿವ್.

ಇಲ್ಲಿ ಮೀರ್‌ಪುರ ಕಡೆಯ ಜನ ಜಾಸ್ತಿ. ಅವರಲ್ಲಿ ಬಿರಾದರಿ ಎನ್ನುತ್ತಾರೆ, ನಮ್ಮಲ್ಲಿ ಜಾತಿ ಲೆಕ್ಕ ಹಾಕಿದ ಹಾಗೆ. ಹಿರಿಯರೊಬ್ಬರು ಹೇಳಿದರೆ ಇಡೀ ಕುಟುಂಬದ ಓಟು. ಅಂಥ ಹಿರಿಯರನ್ನು ಹಿಡಿದುಕೊಂಡರೆ ಸಾಕು ಎಂದು ಪಕ್ಷಗಳಿಗೂ ಅಭ್ಯಾಸ ಆಗಿತ್ತು. 2024ರಲ್ಲಿ ಅದು ಒಡೆಯಿತು. ಪೆರಿ ಬಾರ್‌ನಲ್ಲಿ ಪಕ್ಷೇತರ ಅಯೂಬ್ ಖಾನ್ 507 ಓಟಿನಿಂದ ಗೆದ್ದರು. ಸೋತ ಲೇಬರ್‌ನವರೂ ಮುಸ್ಲಿಮರೇ, ಖಾಲಿದ್ ಮಹಮೂದ್. ನನ್ನ ಅಂಗಡಿಗೆ ಬರುವ ಒಂದು ಮನೆಯಲ್ಲಿ ಅಪ್ಪ ಲೇಬರ್, ಮಗ ಪಕ್ಷೇತರ, ಮಗಳು ಗ್ರೀನ್ ಪಕ್ಷ. ಮೂವರೂ ನನ್ನ ಕೌಂಟರ್ ಮುಂದೆಯೇ ಜಗಳ ಆಡುತ್ತಿದ್ದರು. ನನಗೆ ಖುಷಿಯಾಯಿತು. ಆದರೆ ಅದೇ ವರ್ಷ ಯಾರ್ಡ್ಲಿಯಲ್ಲಿ ಲೇಬರ್ ಪಕ್ಷದ ಜೆಸ್ ಫಿಲಿಪ್ಸ್ ಗೆದ್ದು ಮಾತಾಡಲು ನಿಂತಾಗ ಗಲಾಟೆ ಮಾಡಿದರಲ್ಲ, ಅದು ತಪ್ಪು. ಹೆಂಗಸೊಬ್ಬಳು ಪ್ರಚಾರಕ್ಕೆ ಹೋಗಲು ಹೆದರಬೇಕಾದರೆ ಅದನ್ನು ಧರ್ಮ ಎನ್ನುವುದಿಲ್ಲ. ನಮ್ಮವರಿಗೆ ನಾನೇ ಹೇಳಿದ್ದೇನೆ.

ಗಿರಿ ಅಣ್ಣ, ನಿಮ್ಮ ಮಗಳ ವಿಷಯ ಓದಿ ಬೇಜಾರಾಯಿತು. ಆ ವಾರಗಳಲ್ಲಿ ಲೆಸ್ಟರ್‌ನಲ್ಲಿರುವ ನನ್ನ ಭಾವನ ಮಕ್ಕಳೂ ಶಾಲೆಗೆ ಹೋಗಲಿಲ್ಲ.

ಮೈಲ್‌ಎಂಡ್ ಅಕ್ಕ:

ಹುಬ್ಬಳ್ಳಿ ತಮ್ಮ, ನೀನು ಬರೆದದ್ದು ಬಹಳ ಒಳ್ಳೆಯದಾಯಿತು.

ಗಿರಿ, ಒಟ್ಟಿಗೆ ಕೂತು ಮಾತಾಡಿ, ಒಟ್ಟಿಗೆ ನಿರ್ಧಾರಕ್ಕೆ ಬಂದರೆ ನನ್ನ ತಕರಾರು ಇಲ್ಲ. ದೇವಸ್ಥಾನದಲ್ಲಿ ಅಭ್ಯರ್ಥಿಗಳನ್ನು ಕರೆಸಿ ಪ್ರಶ್ನೆ ಕೇಳಿ, ಮಸೀದಿಯಲ್ಲಿ ಕೇಳಲಿ, ಚರ್ಚಿನಲ್ಲಿ ಕೇಳಲಿ. ಆದರೆ ಮಾತು ಮುಗಿದ ಮೇಲೆ ಒಬ್ಬೊಬ್ಬರೂ ಒಂಟಿಯಾಗಿ ಒಳಗೆ ಹೋಗಬೇಕು. ಏನು ಹಾಕಿದರು ಎಂದು ಹೊರಗಿನವರಿಗೂ ಮನೆಯವರಿಗೂ ಗೊತ್ತಾಗಬಾರದು. ನಿನ್ನ ಯೂನಿಯನ್ ಕಾರ್ಮಿಕ ಯೂನಿಯನ್ ಮಾತು ಕೇಳಿಸಿಕೊಂಡು ಒಳಗೆ ಹೋಗಿ ತನಗೆ ಬೇಕಾದ್ದು ಹಾಕಬಹುದಿತ್ತು. 1872ರಿಂದ ಈ ದೇಶದಲ್ಲಿ ಗುಪ್ತ ಮತದಾನ ಇರುವುದೇ ಅದಕ್ಕೆ, ಜಮೀನ್ದಾರನೋ ಮಾಲೀಕನೋ ನೋಡುತ್ತಾ ನಿಲ್ಲಬಾರದು ಅಂತ.

ಅಡುಗೆಮನೆಯ ಮೇಜಿನ ಮೇಲೆ ಪೋಸ್ಟಲ್ ವೋಟ್ ತುಂಬುವಾಗ ಆ ಮರೆ ಇರುವುದಿಲ್ಲ. ನನ್ನ ಚಿಂತೆಯೆಲ್ಲ ಅಲ್ಲೇ. 2023ರಿಂದ ಇಂಗ್ಲೆಂಡಿನ ಬೂತ್‌ಗಳಲ್ಲಿ ಫೋಟೋ ಗುರುತಿನ ಚೀಟಿ ಕಡ್ಡಾಯ. ಅದಕ್ಕೆ ಎಷ್ಟು ಚರ್ಚೆ! ಹಿರಿಯರ ಬಸ್ ಪಾಸ್ ನಡೆಯುತ್ತದೆ, ಹುಡುಗರ ಆಯ್ಸ್ಟರ್ ಕಾರ್ಡ್ (ಲಂಡನ್ನಿನ ಬಸ್, ರೈಲಿನ ಕಾರ್ಡ್) ನಡೆಯುವುದಿಲ್ಲ. ಮೊದಲ ವರ್ಷವೇ ಸುಮಾರು 14,000 ಜನ ಚೀಟಿ ಇಲ್ಲದೆ ಓಟು ಹಾಕಲಾಗದೆ ಹೋದರು. ವಿದ್ಯಾರ್ಥಿ ಕಾರ್ಡ್ ಹಿಡಿದು ಬಂದ ಹುಡುಗನನ್ನು ನಾನೇ ವಾಪಸ್ ಕಳಿಸಿದ್ದೇನೆ, ಅವನ ಮುಖ ನೋಡಿ ಸಂಕಟವಾಯಿತು. ಮುಖ ಮುಚ್ಚಿಕೊಂಡು ಬರುವ ಹೆಂಗಸರಿಗೆ ಪರದೆ ಹಾಕಿದ ಮೂಲೆ, ಒಂದು ಕನ್ನಡಿ, ನೋಡಲು ನಮ್ಮಂಥ ಹೆಂಗಸರು, ಎಲ್ಲ ವ್ಯವಸ್ಥೆ ಇದೆ. ಅವರು ಬರುತ್ತಾರೆ, ಮುಸುಕು ಎತ್ತುತ್ತಾರೆ, ನಾನು ಪಾಸ್‌ಪೋರ್ಟ್ ನೋಡುತ್ತೇನೆ, ಮುಸುಕು ಸರಿಮಾಡಿಕೊಂಡು ಓಟು ಹಾಕಿ ಹೋಗುತ್ತಾರೆ. ಒಂದು ನಿಮಿಷ. ಟಿವಿಯಲ್ಲಿ ಇದನ್ನೇ ದೊಡ್ಡ ಸಮಸ್ಯೆ ಮಾಡುತ್ತಾರೆ, ಮೇಜಿನ ಈಚೆ ಕೂತವಳಿಗೆ ಇದು ಸಮಸ್ಯೆಯೇ ಅಲ್ಲ.

ಸಮಸ್ಯೆ ಬೇರೆ ಇದೆ. ಹೆಂಡತಿ ಒಳಗೆ ಹೋದಳು, ಗಂಡ ತನ್ನ ಪೇಪರ್ ಹಿಡಿದುಕೊಂಡು ಅವಳ ಹಿಂದೆಯೇ ಹೋಗಿ ಭುಜದ ಮೇಲಿಂದ ಇಣುಕಿ ಪೆನ್ಸಿಲ್ ಎಲ್ಲಿ ಇಡಬೇಕು ಎಂದು ತೋರಿಸುತ್ತಾನೆ. ಎಲ್ಲ ಧರ್ಮದವರೂ ಮಾಡುತ್ತಾರೆ. ಇಂಗ್ಲಿಷ್ ಅಪ್ಪಂದಿರು ಮಗಳ ಜೊತೆ ನಿಂತದ್ದನ್ನೂ ನೋಡಿದ್ದೇನೆ. 2023ರಲ್ಲಿ ಇದಕ್ಕೆಂದೇ ಬ್ಯಾಲಟ್ ಸೀಕ್ರೆಸಿ ಕಾಯ್ದೆ ಮಾಡಿದರು. ಈಗ ಅದು ಸ್ಪಷ್ಟವಾಗಿ ಅಪರಾಧ. ಬೋರ್ಡ್ ಹಾಕಿರುತ್ತೇವೆ. ಕಳೆದ ಸಲ ಒಬ್ಬರನ್ನು ತಡೆದು, "ಸರ್, ಒಬ್ಬೊಬ್ಬರೇ" ಎಂದೆ. "ಅವಳಿಗೆ ಇಂಗ್ಲಿಷ್ ಬರಲ್ಲ" ಎಂದರು. ಪಕ್ಷದ ಚಿಹ್ನೆಗಳಿವೆ, ಬೇಕಿದ್ದರೆ ನಾವು ವಿಧಾನ ಹೇಳಿಕೊಡುತ್ತೇವೆ ಎಂದೆ. ಆಕೆ ಒಂದು ಕ್ಷಣ ನನ್ನನ್ನು ನೋಡಿ, ತಾನೇ ಮಡಿಸಿ ಪೆಟ್ಟಿಗೆಗೆ ಹಾಕಿದಳು. ಗಂಡ ಬಾಗಿಲ ಹತ್ತಿರ ಏನು ಹಾಕಿದೆ ಎಂದು ಕೇಳಿದ. ಆಕೆ ಉತ್ತರ ಕೊಡದೆ ಪಟಪಟ ನಡೆದಳು.

ಆದರೆ ಪಕ್ಷಗಳಿಗೆ ಈ ಹೆಂಗಸು ಬೇಡ. ಅವರಿಗೆ ಬೇಕಾದದ್ದು ಸಗಟು ವ್ಯಾಪಾರ. 2016ರ ಲಂಡನ್ ಮೇಯರ್ ಚುನಾವಣೆಯಲ್ಲಿ ಕನ್ಸರ್ವೇಟಿವ್‌ನ ಜ್ಯಾಕ್ ಗೋಲ್ಡ್‌ಸ್ಮಿತ್ ಕಡೆಯಿಂದ ಭಾರತೀಯ, ತಮಿಳು ಹೆಸರಿನವರ ಮನೆಗಳಿಗೆ ಕರಪತ್ರ ಬಂತು. ಲೇಬರ್ ಪಕ್ಷದ ಸಾದಿಕ್ ಖಾನ್ ಬಂದರೆ ನಿಮ್ಮ ಮನೆಯ ಒಡವೆಗೆ ತೆರಿಗೆ ಬೀಳುತ್ತದೆ ಅಂತ ಹೆದರಿಸುವ ಕರಪತ್ರ. ಅಡ್ಡಹೆಸರು ನೋಡಿ, ಇವರಿಗೆ ಚಿನ್ನದ ಚಿಂತೆ ಎಂದು ತಾವೇ ತೀರ್ಮಾನಿಸಿಬಿಟ್ಟರು! 2021ರಲ್ಲಿ ಬ್ಯಾಟ್ಲಿ ಮತ್ತು ಸ್ಪೆನ್ ಉಪಚುನಾವಣೆಯಲ್ಲಿ ಲೇಬರ್, ಬೋರಿಸ್ ಜಾನ್ಸನ್ ಮೋದಿಯವರ ಕೈ ಕುಲುಕುವ ಫೋಟೋ ಹಾಕಿ ಮುಸ್ಲಿಂ ಬೀದಿಗಳಲ್ಲಿ ಹಂಚಿತು. ಗೆದ್ದದ್ದು 323 ಓಟಿನಿಂದ. ಒಂದು ಪಕ್ಷ ಭಾರತೀಯರಿಗೆ ಒಡವೆಯ ಹೆದರಿಕೆ ಹುಟ್ಟಿಸಿ, ಇನ್ನೊಂದು ಪಕ್ಷ ಮುಸ್ಲಿಮರಿಗೆ ಮೋದಿ ಫೋಟೋ ತೋರಿಸಿ ಓಟು ಕೇಳಿದರೆ ನಾವು ಇಲ್ಲಿಯವರಾಗುವುದು ಯಾವಾಗ?

ನಮ್ಮವರೇ ತೋರಿಸಿದ ಬೇರೆ ದಾರಿಯೂ ಇದೆ. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಅದಕ್ಕೆ ಓಡಾಡಿದ ಡಾಕ್ಟರ್ ನೀರಜ್ ಪಾಟೀಲ್ ಕಲಬುರಗಿ ಕಡೆಯವರು. ಲೇಬರ್ ಪಕ್ಷ ಸೇರಿ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, ಮೇಯರ್ ಆದರು. ಪ್ರತಿಮೆಯನ್ನು 2015ರಲ್ಲಿ ಅನಾವರಣ ಮಾಡಿದ್ದು ಮೋದಿ. 2017ರಲ್ಲಿ ಪಾಟೀಲರು ಲಂಡನ್ನಿನ ಪಟ್ನಿಯಿಂದ ಪಾರ್ಲಿಮೆಂಟಿಗೂ ನಿಂತು ಸೋತರು. ಅವರ ಪಕ್ಷ ನಿನಗೆ ಇಷ್ಟವೋ ಇಲ್ಲವೋ ಬೇರೆ ಮಾತು. ಕಸದ ಡಬ್ಬಿ, ಬೀದಿ ದೀಪ, ಕೌನ್ಸಿಲ್ ಟ್ಯಾಕ್ಸ್ ಎಲ್ಲ ಮಾತಾಡಿಯೇ ಕೌನ್ಸಿಲರ್ ಆಗಬೇಕು. ಮೇ 7ಕ್ಕೆ ನಿನ್ನ ಮುಂದೆ ಇರುವುದೂ ಅದೇ, ತಂಗಿ. ಕಾಶ್ಮೀರವೂ ಗಾಜಾವೂ ನಿಮ್ಮ ಕೌನ್ಸಿಲ್ ಕೈಯಲ್ಲಿ ಇಲ್ಲ. ಬಾಡಿಗೆ ಮನೆಯ ತೇವ ಹಿಡಿದ ಗೋಡೆಗೆ ಯಾರು ಇನ್ಸ್‌ಪೆಕ್ಟರ್ ಕಳಿಸುತ್ತಾರೆ ಎಂದು ಬಂದವರನ್ನು ಕೇಳು.

ತುಂಗಾತೀರ:

ಅಕ್ಕ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಮನೆಯವರಿಗೂ ಓದಿಸಿದೆ. ಓದಿ ಸುಮ್ಮನಾದರು, ಆಮೇಲೆ ಫಾರ್ಮ್ ತಾವೇ ಎತ್ತಿಟ್ಟರು. ತೇವದ ವಿಷಯ ನಿಮಗೆ ಹೇಗೆ ಗೊತ್ತಾಯಿತೋ, ನಮ್ಮ ಬೆಡ್‌ರೂಮಿನ ಗೋಡೆ ಹಾಗೇ ಇದೆ!

ಆದರೆ ಒಂದು ತೊಡಕು. ವಾರಗಿತ್ತಿ ಆ ಭಾನುವಾರವೇ ಫಾರ್ಮಿಗೆ ಸಹಿ ಮಾಡಿ ಕೊಟ್ಟುಬಿಟ್ಟಿದ್ದಾಳೆ, ಎನ್‌ಐ ನಂಬರ್ ಸಮೇತ. ಈಗ ಅವಳಿಗೆ ಬೂತ್‌ಗೇ ಹೋಗಿ ಹಾಕಬೇಕು ಅಂತ ಆಸೆ. ಆಗುತ್ತಾ? ಹಿರಿಯರ ಮೇಲೆ ದೂರು ಕೊಡಲು ನಮಗೆ ಮನಸ್ಸಿಲ್ಲ.

ಮೈಲ್‌ಎಂಡ್ ಅಕ್ಕ:

ಆಗುತ್ತೆ. ನಾಳೆಯೇ ನಿಮ್ಮ ಕೌನ್ಸಿಲ್‌ನ ಎಲೆಕ್ಟೋರಲ್ ಸರ್ವಿಸಸ್‌ಗೆ ಅವಳೇ ಫೋನ್ ಮಾಡಲಿ. ಪೋಸ್ಟಲ್ ವೋಟ್ ಬೇಡ ಎಂದು ಹೇಳಿ, ಅವರು ಕೇಳಿದ ಹಾಗೆ ಸಹಿ ಮಾಡಿ ಬರೆದು ಕಳಿಸಲಿ. ಏಪ್ರಿಲ್ 21ರ ಸಂಜೆ 5 ಗಂಟೆಯೊಳಗೆ ಅವರಿಗೆ ತಲುಪಬೇಕು. ಕವರನ್ನು ಬೇರೆ ವಿಳಾಸಕ್ಕೆ ಕಳಿಸಿ ಎಂದು ಅರ್ಜಿಯಲ್ಲಿ ಬರೆದಿದೆಯಾ, ಅದನ್ನೂ ಅವರ ಹತ್ತಿರವೇ ಕೇಳಲಿ. ಇದು ಬಹಳ ಮುಖ್ಯ.

ಅಷ್ಟರಲ್ಲಿ ಆಗದೆ ಕವರ್ ಮನೆಗೆ ಬಂದುಬಿಟ್ಟರೆ ಬೂತ್‌ನಲ್ಲಿ ಹೊಸ ಪೇಪರ್ ಕೊಡುವುದಿಲ್ಲ. ಆಗ ರೂಮಿನ ಬಾಗಿಲು ಹಾಕಿಕೊಂಡು ತಾನೇ ತುಂಬಿ, ಅಂಟಿಸಿ, ಜೊತೆಗೆ ಬರುವ ಹೇಳಿಕೆ ಪತ್ರದಲ್ಲಿ ಸಹಿ ಮತ್ತು ಹುಟ್ಟಿದ ದಿನಾಂಕ ಬರೆದು, ಮೇ 7ಕ್ಕೆ ತಾನೇ ಬೂತ್‌ಗೆ ತಂದು ಕೊಡಲಿ. ಅಲ್ಲೊಂದು ಸಣ್ಣ ಫಾರ್ಮ್ ಇರುತ್ತದೆ, ಅದನ್ನು ತುಂಬದಿದ್ದರೆ ಓಟು ಎಣಿಕೆಗೆ ಹೋಗುವುದಿಲ್ಲ. ಸುಮ್ನೆ ಮೇಜಿನ ಮೇಲೆ ಇಟ್ಟು ಬರಬಾರದು.

ದೂರಿನ ವಿಷಯ ನಿಮಗೆ ಬಿಟ್ಟಿದ್ದು. ನಿಮ್ಮ ಮನೆಯವರೇ ಹೋಗಿ ಹಿರಿಯರಿಗೆ ನಿಯಮ ತಿಳಿಸಲಿ, ಬೇರೆ ಮನೆಗಳ ಕವರ್ ಮುಟ್ಟಬೇಡಿ ಎಂದು ಹೇಳಲಿ. ಆಮೇಲೂ ಅವರು ಮನೆಮನೆಗೆ ಹೋಗಿ ಕವರ್ ಕೇಳಿದರೆ ಮಾತ್ರ ಸುಮ್ಮನಿರಬೇಡಿ. ಕೌನ್ಸಿಲ್‌ಗೆ ಅಥವಾ ಪೊಲೀಸರಿಗೆ ತಿಳಿಸಿ. ಹೆಸರು ಹೇಳದೆ ತಿಳಿಸಬೇಕು ಎಂದರೆ ಕ್ರೈಮ್‌ಸ್ಟಾಪರ್ಸ್ ಎಂಬ ಸಂಸ್ಥೆ ಇದೆ.